ತಾಯಿಚಿಟ್ಟೆಯೂ ಆಕರಕೋಶವೂ

ಶಿಡ್ಲಘಟ್ಟದ ಸೀಮೆಯಲ್ಲಿ ರೇಷ್ಮೆ ಸಾಕುವ ಮನೆಯವರಿಗೆ ತಾಯಿಚಿಟ್ಟೆಯ ಪರೀಕ್ಷೆ ಎಂದರೇನೆಂದು ಯಾರೂ ವಿವರಿಸಬೇಕಾಗಿಲ್ಲ. ಬಿತ್ತನೆ ಕೋಠಿಯಲ್ಲಿ ಹೆಣ್ಣುಚಿಟ್ಟೆಯು ತನ್ನ ನಾಲ್ಕೈದು ನೂರು ಮೊಟ್ಟೆಗಳನ್ನಿಟ್ಟು ಮುಗಿಸಿದ ಮೇಲೆ ಅದನ್ನು ಅರೆದು, ಆ ರಸದ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಾರೆ. ಗಂಟುರೋಗದ ಬೀಜಾಣು ಅಲ್ಲಿ ಕಂಡಿತೋ, ಆ ಮೊಟ್ಟೆಗಳಷ್ಟೂ ಬೆಂಕಿಯ ಪಾಲು. ಕಾಣದಿದ್ದರೆ ಮಾತ್ರ ಅವು 'ರೋಗರಹಿತ ಮೊಟ್ಟೆ' ಎಂಬ ಹೆಸರು ಹೊತ್ತು ರೈತನ ಮನೆಗೆ ಹೊರಡುತ್ತವೆ. ಈ ಉಪಾಯವನ್ನು ಕಂಡುಕೊಂಡವನು ಫ್ರಾನ್ಸ್ ದೇಶದ ಲೂಯಿ ಪಾಸ್ತರ್. 1865ರಲ್ಲಿ ಆ ದೇಶದ ರೇಷ್ಮೆಯ ಬೆಳೆ ನೆಲಕಚ್ಚಿದಾಗ, ಅದುವರೆಗೆ ಹುಳುವನ್ನು ಮುಟ್ಟಿಯೂ ನೋಡದಿದ್ದ ಆ ರಸಾಯನಶಾಸ್ತ್ರಜ್ಞನು ದಕ್ಷಿಣದ ಆಲೆಸ್ ಊರಿಗೆ ಹೋಗಿ ಐದು ವರ್ಷ ದುಡಿದನು. ರೋಗವು ತಾಯಿಯಿಂದ ಮೊಟ್ಟೆಗೆ ಬರುವುದಾದುದರಿಂದ, ಸಾವಿರಾರು ಹುಳುಗಳನ್ನು ಒಂದೊಂದಾಗಿ ನೋಡುವ ಬದಲು ಮೂಲದಲ್ಲಿರುವ ಒಂದನ್ನೇ ಸರಿಯಾಗಿ ನೋಡಿದರೆ ಸಾಕು ಎಂಬುದು ಅವನು ಕಂಡ ಸತ್ಯ.

ಅರ್ಬುದರೋಗದ, ಎಂದರೆ ಎಲ್ಲರ ಬಾಯಲ್ಲಿರುವ ಕ್ಯಾನ್ಸರಿನ, ಚಿಕಿತ್ಸೆಯಲ್ಲಿ ಜಗತ್ತಿನ ವಿಜ್ಞಾನಿಗಳು ಇಂದು ನಡೆಸಿರುವ ಒಂದು ದೊಡ್ಡ ಪ್ರಯತ್ನವನ್ನು ಅರಿಯಲು ಈ ಬಿತ್ತನೆ ಕೋಠಿಗಿಂತ ಒಳ್ಳೆಯ ಬಾಗಿಲು ಸಿಕ್ಕುವುದು ಕಷ್ಟ. ರೋಗವನ್ನು ಕೊಲ್ಲಬಲ್ಲ ಕಾವಲುಕೋಶಗಳನ್ನು ಪ್ರತಿಯೊಬ್ಬ ರೋಗಿಯಿಂದಲೂ ಬೇರೆ ಬೇರೆಯಾಗಿ ತೆಗೆದು ಸಿದ್ಧಪಡಿಸುವ ಬದಲು, ಪರೀಕ್ಷಿಸಿದ ಒಂದೇ ಮೂಲದಿಂದ ನೂರಾರು ರೋಗಿಗಳಿಗೆ ಆಗುವಷ್ಟು ಬೆಳೆಸಬಾರದೇಕೆ ಎಂಬುದು ಆ ಪ್ರಯತ್ನ. ಮೂಲವೆಂದರೆ ಇಲ್ಲಿ ಚಿಟ್ಟೆಯಲ್ಲ. ಇಂಗ್ಲಿಷಿನಲ್ಲಿ 'ಸ್ಟೆಮ್ ಸೆಲ್' ಎನ್ನಿಸಿಕೊಂಡಿರುವ ಜೀವಕೋಶ.

ಈ ಹೆಸರಿಗೆ ಕನ್ನಡದಲ್ಲಿ ಎರಡು ಮಾತುಗಳು ಬಳಕೆಗೆ ಬಂದಿವೆ. ಪತ್ರಿಕೆಗಳು ಹೆಚ್ಚಾಗಿ 'ಕಾಂಡಕೋಶ' ಎನ್ನುತ್ತವೆ. ಅದು ಶಬ್ದಕ್ಕೆ ಶಬ್ದವನ್ನಿಟ್ಟ ಅನುವಾದ. ಕೇಳಿದವರ ಕಣ್ಣಮುಂದೆ ಬಾಳೆಯ ಗಿಡ ನಿಂತರೆ ಅವರ ತಪ್ಪೇನೂ ಇಲ್ಲ. 'ಆಕರಕೋಶ' ಎಂಬ ಇನ್ನೊಂದು ಮಾತು ಅರ್ಥಕ್ಕೆ ಹತ್ತಿರವಾದುದು. ಆಕರವೆಂದರೆ ಗಣಿ, ಹುಟ್ಟುವ ಎಡೆ. ತಾನೂ ಉಳಿದು, ತನ್ನಂಥದೇ ಇನ್ನೊಂದನ್ನು ಹುಟ್ಟಿಸಿ, ಜೊತೆಗೆ ಬೇರೆ ಕಸುಬಿನ ಕೋಶಗಳನ್ನೂ ಹೆರಬಲ್ಲ ಕೋಶವೇ ಆಕರಕೋಶ. ಮೂಳೆಯ ಒಳಗಿನ ಮಜ್ಜೆಯಲ್ಲಿ ಇಂಥ ಕೋಶಗಳು ನೆಲೆಸಿವೆ. ರಕ್ತಕ್ಕೆ ಕೆಂಪು ಕೊಡುವ ಕಣ, ಗಾಯವನ್ನು ಹೆಪ್ಪುಗಟ್ಟಿಸುವ ಕಿರುಬಿಲ್ಲೆ, ರೋಗದ ಮೇಲೆ ಬೀಳುವ ಬಿಳಿಯ ಕಣ, ಎಲ್ಲಕ್ಕೂ ಅದೇ ತವರು. ಬಿಳಿಯ ಕಣಗಳಲ್ಲಿ ಎರಡು ಬಗೆಯವು ಈ ಕಥೆಗೆ ಮುಖ್ಯ. ಒಂದು, ಎದೆಗೂಡಿನ ಥೈಮಸ್ ಗ್ರಂಥಿಯಲ್ಲಿ ಪಾಠ ಕಲಿತು ಬರುವ 'ಟಿ' ಕೋಶ. ಅದು ಗುರುತು ಹಿಡಿದು ಹೊಡೆಯುವುದು, ಹಳೆಯ ಶತ್ರುವನ್ನು ನೆನಪಿನಲ್ಲಿಡುವುದು. ಇನ್ನೊಂದು, 1975ರ ಸುಮಾರಿಗೆ ಬೆಳಕಿಗೆ ಬಂದ 'ಸಹಜ ಘಾತಕ' ಕೋಶ. ಅದಕ್ಕೆ ಪಾಠ ಬೇಕಿಲ್ಲ. ದೇಹದ ಕೋಶವೊಂದು ಕೆಟ್ಟಿರುವುದರ ಸುಳಿವು ಕಂಡೊಡನೆಯೇ ಮೇಲೆ ಬೀಳುವುದು.

ಹಾಗಿದ್ದ ಮೇಲೆ ಕ್ಯಾನ್ಸರು ಬೆಳೆಯುವುದಾದರೂ ಹೇಗೆ? ಕ್ಯಾನ್ಸರಿನ ಕೋಶವು ಪರದೇಶಿಯಲ್ಲ. ಮನೆಯ ಮಗನೇ ದಾರಿ ತಪ್ಪಿದವನು. ಮುಖ ಅದೇ, ಮಾತು ಅದೇ. ಕಾವಲುಗಾರನು ಗುರುತಿಸದೆ ಬಿಟ್ಟುಬಿಡುತ್ತಾನೆ.

ಆಕರಕೋಶದಿಂದ ಹುಟ್ಟಿದ ಕಾವಲುಕೋಶಗಳಿಂದ ಕ್ಯಾನ್ಸರನ್ನು ಸೋಲಿಸುವುದು ಹೊಚ್ಚಹೊಸ ಯೋಚನೆಯೆಂದು ಭಾವಿಸುವವರು ಒಂದು ಮಾತನ್ನು ನೆನೆಯಬೇಕು. ಮಜ್ಜೆಯ ಕಸಿ ಎಂದು ವೈದ್ಯರು ಕರೆಯುವ ಚಿಕಿತ್ಸೆಯ ಒಳಗುಟ್ಟು ಇದೇ. ಅಮೆರಿಕದ ಡೊನಾಲ್ ಥಾಮಸ್ 1950ರ ದಶಕದಲ್ಲಿ ಇದನ್ನು ಆರಂಭಿಸಿದಾಗ ರೋಗಿಯ ಕೆಟ್ಟ ಮಜ್ಜೆಯನ್ನು ಕಿರಣದಿಂದ ನಾಶಮಾಡಿ ಒಳ್ಳೆಯದನ್ನು ತುಂಬುವುದಷ್ಟೇ ಉದ್ದೇಶವಾಗಿತ್ತು. ಆಮೇಲೆ ತಿಳಿದುಬಂದುದು ಬೇರೆ: ದಾನಿಯ ಮಜ್ಜೆಯಿಂದ ಬಂದ ಮತ್ತು ಹೊಸದಾಗಿ ಹುಟ್ಟಿದ ಕಾವಲುಕೋಶಗಳು, ರೋಗಿಯ ದೇಹದಲ್ಲಿ ಅಡಗಿ ಉಳಿದಿದ್ದ ರಕ್ತಕ್ಯಾನ್ಸರಿನ ಕೋಶಗಳನ್ನು ಹುಡುಕಿ ಕೊಲ್ಲುತ್ತಿದ್ದವು. ಹೊರಗಿನಿಂದ ಬಂದವನ ಕಣ್ಣಿಗೆ ಆ ಮನೆಯ ದಾರಿ ತಪ್ಪಿದ ಮಗ ಬೇಗ ಕಂಡನೆನ್ನಬಹುದು. ಥಾಮಸರಿಗೆ 1990ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಭಾರತದಲ್ಲಿ ಮೊದಲ ಮಜ್ಜೆಯ ಕಸಿ 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಆಯಿತು. ಇಂದು ಬೆಂಗಳೂರಿನ ಹಲವು ಆಸ್ಪತ್ರೆಗಳಲ್ಲಿ ಆಗುತ್ತಿದೆ. ಆದರೆ ಹೊರಗಿನಿಂದ ಬಂದ ಕಾವಲುಗಾರನು ಒಮ್ಮೊಮ್ಮೆ ಮನೆಯವರನ್ನೇ ಹೊಡೆಯುವುದುಂಟು. ಚರ್ಮ, ಕರುಳು, ಯಕೃತ್ತು ಇವುಗಳ ಮೇಲೆ ಅವನ ಕೋಪ ತಿರುಗಿದರೆ ಪ್ರಾಣಕ್ಕೇ ಸಂಚಕಾರ. ಅದಕ್ಕಾಗಿಯೇ ದಾನಿಯ ಮತ್ತು ರೋಗಿಯ ಅಂಗಾಂಶದ ಗುರುತುಗಳು ಹೊಂದಬೇಕೆಂಬ ಕಟ್ಟುಪಾಡು. ಒಡಹುಟ್ಟಿದವರಲ್ಲಿಯೂ ಅವು ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು ಮಾತ್ರ.

ಈ ಕಷ್ಟವನ್ನು ತಪ್ಪಿಸಲು ವಿಜ್ಞಾನಿಗಳು ಹಿಡಿದ ಇನ್ನೊಂದು ದಾರಿ, ರೋಗಿಯ ಸ್ವಂತ ಟಿ ಕೋಶಗಳನ್ನೇ ಹೊರಗೆ ತೆಗೆದು ಅವುಗಳಿಗೆ ಹೊಸ ಕಣ್ಣು ಕೊಡುವುದು. 'ಕಾರ್-ಟಿ' ಎಂಬ ಹೆಸರಿನಿಂದ ಇದು ಪ್ರಸಿದ್ಧವಾಗಿದೆ. ಕ್ಯಾನ್ಸರು ಕೋಶದ ಮೇಲ್ಮೈಯಲ್ಲಿರುವ ಒಂದು ಗುರುತನ್ನು ಹಿಡಿಯಬಲ್ಲ ಜೀನನ್ನು ಟಿ ಕೋಶದೊಳಗೆ ಸೇರಿಸಿ, ಪ್ರಯೋಗಾಲಯದಲ್ಲಿ ಬೆಳೆಸಿ, ಮತ್ತೆ ಅದೇ ರೋಗಿಯ ರಕ್ತಕ್ಕೆ ಹರಿಸುತ್ತಾರೆ. 2012ರಲ್ಲಿ ಫಿಲಡೆಲ್ಫಿಯದಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಆರು ವರ್ಷದ ಬಾಲಿಕೆಗೆ ಈ ಚಿಕಿತ್ಸೆ ನಡೆದ ಸಂಗತಿ ಜಗತ್ತಿಗೇ ತಿಳಿದುದು. ಎರಡು ಸಲ ಮರುಕಳಿಸಿದ್ದ ರಕ್ತಕ್ಯಾನ್ಸರು, ಬೇರೆ ದಾರಿಯಿರಲಿಲ್ಲ. ಹೊಸ ಕೋಶಗಳು ಒಳಗೆ ಹೋದ ಕೆಲವೇ ದಿನಗಳಲ್ಲಿ ಮಗುವಿಗೆ ಭಯಂಕರವಾದ ಜ್ವರ ಏರಿತು, ಉಸಿರಾಟಕ್ಕೆ ಯಂತ್ರ ಹಾಕಬೇಕಾಯಿತು. ಕೋಶಗಳು ಯುದ್ಧದಲ್ಲಿ ಹೊರಚೆಲ್ಲುವ ರಾಸಾಯನಿಕಗಳ ಬಿರುಗಾಳಿ ಅದು. ಅವುಗಳಲ್ಲಿ ಒಂದರ ಪ್ರಮಾಣ ಮಿತಿಮೀರಿರುವುದು ಪರೀಕ್ಷೆಯಲ್ಲಿ ಕಂಡಿತು. ಆ ರಾಸಾಯನಿಕವನ್ನು ತಡೆಯುವ ಔಷಧ ಕೀಲುವಾತಕ್ಕೆಂದು ಆಗಲೇ ಅಂಗಡಿಯಲ್ಲಿತ್ತು. ಸಂಶೋಧನೆಯ ಮುಖಂಡ ಕಾರ್ಲ್ ಜೂನ್‌ರ ಮಗಳಿಗೇ ಕೀಲುವಾತವಿದ್ದುದರಿಂದ ಆ ಔಷಧದ ವಿಷಯ ಅವರಿಗೆ ತಿಳಿದಿತ್ತಂತೆ! ಔಷಧ ಕೊಟ್ಟರು, ಜ್ವರ ಇಳಿಯಿತು, ಕ್ಯಾನ್ಸರೂ ಹೋಯಿತು. 2022ರಲ್ಲಿ ಎಮಿಲಿ ರೋಗವಿಲ್ಲದ ಹತ್ತನೆಯ ವರ್ಷವನ್ನು ಕಂಡಳು. ವಿಜ್ಞಾನದ ಚರಿತ್ರೆಯಲ್ಲಿ ಇಂಥ ಆಕಸ್ಮಿಕಗಳು ಎಷ್ಟೋ ಇವೆ; ಆದರೆ ಆಕಸ್ಮಿಕವು ಒಲಿಯುವುದು ಆಗಲೇ ಬಹಳ ಓದಿಕೊಂಡವರಿಗೆ ಎಂಬುದೂ ನಿಜ.

ಅಮೆರಿಕದಲ್ಲಿ ಈ ಚಿಕಿತ್ಸೆಗೆ 2017ರ ಆಗಸ್ಟಿನಲ್ಲಿ ಅನುಮತಿ ದೊರೆತಾಗ ಒಬ್ಬ ರೋಗಿಗೆ ಗೊತ್ತುಮಾಡಿದ ಬೆಲೆ 4,75,000 ಡಾಲರು. ಇಂದಿನ ಲೆಕ್ಕದಲ್ಲಿ ನಾಲ್ಕು ಕೋಟಿ ರೂಪಾಯಿ. ಭಾರತವು ಇದನ್ನು ಬಾಯಿ ತೆರೆದುಕೊಂಡು ನೋಡುತ್ತ ಕುಳಿತಿರಲಿಲ್ಲವೆಂಬುದು ಸಂತೋಷದ ವಿಷಯ. ಮುಂಬಯಿಯ ಐ.ಐ.ಟಿ.ಯಲ್ಲಿ ರಾಹುಲ್ ಪುರ್ವಾರ್ ಮತ್ತು ಅವರ ಸಂಗಡಿಗರು ಟಾಟಾ ಸ್ಮಾರಕ ಕೇಂದ್ರದ ವೈದ್ಯರೊಡನೆ ಸೇರಿ ರೂಪಿಸಿದ 'ನೆಕ್ಸ್‌ಕಾರ್-19' ಎಂಬ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಸಿಕ್ಕಿತು. 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅದನ್ನು ಲೋಕಾರ್ಪಣೆ ಮಾಡಿದರು. ಬೇರೆ ಔಷಧಗಳಿಗೆ ಬಗ್ಗದಿದ್ದ ರೋಗಿಗಳಲ್ಲಿ ನೂರಕ್ಕೆ 73 ಮಂದಿಗೆ ಗುಣ ಕಂಡಿತೆಂದು 2025ರಲ್ಲಿ ಪ್ರಕಟವಾದ ವರದಿ ಹೇಳಿತು. ಬೆಂಗಳೂರಿನ ಬೊಮ್ಮಸಂದ್ರದಲ್ಲಿ ಕಿರಣ್ ಮಜುಂದಾರ್ ಷಾ, 'ಸರ್ವರೋಗಗಳ ಸಮ್ರಾಟ'ನೆಂದು ಕ್ಯಾನ್ಸರಿನ ಚರಿತ್ರೆ ಬರೆದ ಸಿದ್ಧಾರ್ಥ ಮುಖರ್ಜಿ ಮೊದಲಾದವರು ಸ್ಥಾಪಿಸಿದ ಇಮ್ಯುನೀಲ್ ಸಂಸ್ಥೆಯು, ಸ್ಪೇನ್ ದೇಶದ ಬಾರ್ಸಿಲೋನದ ಆಸ್ಪತ್ರೆಯೊಂದರ ವಿಧಾನವನ್ನು ತಂದು 2025ರ ಜನವರಿಯಲ್ಲಿ 'ಕ್ವಾರ್ಟೆಮಿ'ಯನ್ನು ಹೊರತಂದಿತು. ನಾಲ್ಕು ಕೋಟಿಯಿಂದ ಮೂವತ್ತೈದು, ನಲವತ್ತು, ಐವತ್ತು ಲಕ್ಷಕ್ಕೆ ಬೆಲೆ ಇಳಿಯಿತು.

ಇಳಿದುದು ನಿಜ. ಆದರೆ ಶಿಡ್ಲಘಟ್ಟದ ರೀಲರನ ಮನೆಯಲ್ಲಿ, ಚಿಂತಾಮಣಿಯ ಟೊಮೇಟೊ ಮಂಡಿಯ ಗುಮಾಸ್ತನ ಮನೆಯಲ್ಲಿ, ನಲವತ್ತು ಲಕ್ಷವೂ ನಾಲ್ಕು ಕೋಟಿಯೂ ಒಂದೇ. ಎರಡಕ್ಕೂ ಎರಡೆಕರೆ ಸಾಲದು. ಹಣದಷ್ಟೇ ಕ್ರೂರವಾದುದು ಕಾಲ. ರೋಗಿಯ ಕೋಶಗಳನ್ನು ತೆಗೆದು, ಜೀನು ಸೇರಿಸಿ, ಬೆಳೆಸಿ, ಪರೀಕ್ಷಿಸಿ ಮರಳಿಸುವುದಕ್ಕೆ ವಾರಗಳು ಬೇಕು. ಅಷ್ಟರೊಳಗೆ ರೋಗ ಕೈಮೀರುವುದುಂಟು. ಹತ್ತಾರು ಔಷಧಗಳನ್ನು ಕುಡಿದು ಬಳಲಿದ ರೋಗಿಯ ದೇಹದಲ್ಲಿ ಬೆಳೆಯಬಲ್ಲ ಒಳ್ಳೆಯ ಟಿ ಕೋಶಗಳೇ ಇಲ್ಲದಿರುವುದೂ ಉಂಟು. ಇದು ಒಬ್ಬೊಬ್ಬರ ಅಳತೆ ತೆಗೆದು ಹೊಲಿಯುವ ಅಂಗಿಯ ಹಾಗೆ. ಒಂದೊಂದು ಅಂಗಿಗೂ ಬೇರೆ ದರ್ಜಿ, ಬೇರೆ ಪರೀಕ್ಷೆ, ಬೇರೆ ಕಾಗದಪತ್ರ. ಬೆಲೆ ಇಳಿಯುವುದಾದರೂ ಎಲ್ಲಿಂದ?

ಇಲ್ಲಿಗೆ ಬಿತ್ತನೆ ಕೋಠಿಯ ಉಪಾಯ ಪ್ರವೇಶಿಸುತ್ತದೆ. ಅದು ಚಿಕ್ಕಬಳ್ಳಾಪುರದ ಸೀಮೆಗೆ ಅಷ್ಟೇನೂ ದೂರದ ವಿಷಯವಲ್ಲ.

ಚಿಕ್ಕಬಳ್ಳಾಪುರದಿಂದ ಬಸ್ಸು ಹತ್ತಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಚೀಟಿ ಹಿಡಿದು ಹೋಗುವ ರೋಗಿ ದೇವನಹಳ್ಳಿ, ಯಲಹಂಕಗಳನ್ನು ದಾಟಿದ ಮೇಲೆ ಹೆದ್ದಾರಿಯಿಂದ ಸ್ವಲ್ಪ ಒಳಗಿರುವ ಜಕ್ಕೂರನ್ನೂ, ಆಮೇಲೆ ಕೃಷಿ ವಿಶ್ವವಿದ್ಯಾನಿಲಯದ ಜಿ.ಕೆ.ವಿ.ಕೆ. ಆವರಣವನ್ನೂ ಕಿಟಕಿಯಿಂದ ನೋಡುತ್ತ ಹೋಗುತ್ತಾನೆ. ಜಕ್ಕೂರಿನಲ್ಲಿರುವುದು 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ಅದನ್ನು ಕಟ್ಟಿ ಬೆಳೆಸಿದ ಸಿ.ಎನ್.ಆರ್. ರಾಯರ ಹೆಸರಿನ ಮೊದಲ ಅಕ್ಷರ ಚಿಂತಾಮಣಿಯದು. ಚಿಂತಾಮಣಿ ನಾಗೇಶ ರಾಮಚಂದ್ರ ರಾವ್ ಎಂಬ ಪೂರ್ಣನಾಮದಲ್ಲಿ ಊರು ಉಳಿದಿದೆ. ಜಿ.ಕೆ.ವಿ.ಕೆ. ಆವರಣದೊಳಗೆ 2009ರಲ್ಲಿ ಸ್ಥಾಪನೆಯಾದ, ಆಕರಕೋಶಗಳಿಗೆಂದೇ ಮೀಸಲಾದ 'ಇನ್‌ಸ್ಟೆಮ್' ಸಂಸ್ಥೆಯಿದೆ. ವಾರಕ್ಕೊಮ್ಮೆ ಆ ದಾರಿಯಲ್ಲಿ ಹೋಗಿಬರುವ ಎಷ್ಟು ಮಂದಿಗೆ ಇದು ಗೊತ್ತಿದ್ದೀತು?

ಜಕ್ಕೂರಿನ ಪ್ರಯೋಗಾಲಯದಲ್ಲಿ ಮನೀಷಾ ಇನಾಮ್ದಾರ್ ಮತ್ತು ಅವರ ಸಹೋದ್ಯೋಗಿಗಳು 2009ರಲ್ಲಿ ಪ್ರಕಟಿಸಿದ ಒಂದು ಕೆಲಸ ನಿಜಕ್ಕೂ ಸ್ಮರಣೀಯವಾದುದು. ಮಕ್ಕಳಿಲ್ಲದ ದಂಪತಿಗಳಿಗಾಗಿ ದೇಹದ ಹೊರಗೆ ಗರ್ಭಧಾರಣೆ ಮಾಡಿಸುವ ಚಿಕಿತ್ಸೆಯಲ್ಲಿ ಕೆಲವು ಭ್ರೂಣಗಳು ತಾಯಿಯ ಗರ್ಭಕ್ಕೆ ಸೇರಿಸಲು ಯೋಗ್ಯವಲ್ಲವೆಂದು ವೈದ್ಯರು ಬದಿಗಿಡುತ್ತಾರೆ. ಮೂರನೆಯ ದರ್ಜೆಯವೆಂದು ಅವಕ್ಕೆ ಹೆಸರು. ಬಿಸಾಡಬೇಕಾಗಿದ್ದ ಅಂಥ ಭ್ರೂಣಗಳಿಂದಲೇ ಈ ತಂಡ ಎರಡು ಆಕರಕೋಶ ಪರಂಪರೆಗಳನ್ನು ಬೆಳೆಸಿತು. ಎರಡೂ ಒಡಹುಟ್ಟುಗಳು. ಬೆಂಗಳೂರು, ಜವಾಹರ, ನೆಹರೂ ಎಂಬ ಮಾತುಗಳ ನೆನಪನ್ನು ಹೊತ್ತ 'ಬಿಜೆಎನ್‌ಹೆಮ್' 19 ಮತ್ತು 20 ಎಂಬ ಹೆಸರಿನಿಂದ ಅವು ಬ್ರಿಟನ್ನಿನ ಆಕರಕೋಶ ಭಂಡಾರವನ್ನೂ ಸೇರಿವೆ. ಹತ್ತಿಯ ಕಾಳಿಗಿಂತ ಎಷ್ಟೋ ಪಾಲು ಸಣ್ಣದಾದ, ಯಾರಿಗೂ ಬೇಡವಾಗಿದ್ದ ಒಂದು ಜೀವಬಿಂದುವಿನಿಂದ ಹೊರಟ ಕೋಶಗಳು ತಮ್ಮನ್ನೇ ತಾವು ಇಮ್ಮಡಿಸಿಕೊಳ್ಳುತ್ತ, ಬೇಕೆಂದಾಗ ನರವಾಗಿಯೋ ಹೃದಯದ ಸ್ನಾಯುವಾಗಿಯೋ ರಕ್ತವಾಗಿಯೋ ಮಾರ್ಪಡುವ ಶಕ್ತಿಯನ್ನು ಕಾಪಾಡಿಕೊಂಡಿವೆ. ಇನಾಮ್ದಾರರು ಅನಂತರ ಇನ್‌ಸ್ಟೆಮ್ ಸಂಸ್ಥೆಯ ನಿರ್ದೇಶಕಿಯೂ ಆದರು.

ಅವರದೇ ಪ್ರಯೋಗಾಲಯದವರು ಹುಡುಕಿದ ಒಂದು ಜೀನಿನ ಹೆಸರು ಕನ್ನಡಿಗರ ಕಿವಿಗೆ ಹಿತವಾದುದು: 'ಅಸೃಜ್'. ಅಮರಕೋಶ ಓದಿದವರಿಗೆ ಇದು ರಕ್ತದ ಪರ್ಯಾಯನಾಮವೆಂದು ತಿಳಿದಿರುತ್ತದೆ. ಹಣ್ಣುನೊಣದಿಂದ ಹಿಡಿದು ಮನುಷ್ಯನವರೆಗೆ ಇರುವ ಜೀನು ಇದು. ಇದಿಲ್ಲದ ನೊಣದಲ್ಲಿ ರಕ್ತದ ಆಕರಕೋಶಗಳು ತಮ್ಮ ನೆಲೆಯಲ್ಲಿ ನಿಲ್ಲಲಾರದೆ ಅಕಾಲದಲ್ಲಿ ಬಲಿತುಬಿಡುತ್ತವೆಂದು 2011ರಲ್ಲಿ ತೋರಿಸಿದರು. ಬಿತ್ತನೆಗೆ ಇಟ್ಟ ಧಾನ್ಯವೆಲ್ಲ ಕಣಜದಲ್ಲೇ ಮೊಳೆತ ಹಾಗೆ. ಆಕರಕೋಶವನ್ನು ಯಾವಾಗ ಹಿಡಿದಿಡಬೇಕು, ಯಾವಾಗ ಬಿಡಬೇಕು ಎಂಬ ಕೀಲಿ ತಿಳಿಯದೆ ಅದರಿಂದ ಕಾವಲುಕೋಶಗಳನ್ನು ಅಳತೆಗೆ ಸರಿಯಾಗಿ ಬೆಳೆಸುವುದು ಆಗದ ಮಾತು. ಜಕ್ಕೂರಿನಲ್ಲಿ ನಡೆದುದು ಕ್ಯಾನ್ಸರಿನ ಚಿಕಿತ್ಸೆಯಲ್ಲ. ಆ ಚಿಕಿತ್ಸೆಗೆ ಅಗತ್ಯವಾದ ಅಡಿಪಾಯದ ಕೆಲಸ. ಇಂಥದಕ್ಕೆ ಹಾರ ತುರಾಯಿ ಕಡಿಮೆ.

ಭ್ರೂಣದಿಂದ ತೆಗೆದ ಕೋಶಗಳ ಬಗೆಗೆ ಧಾರ್ಮಿಕರಲ್ಲಿಯೂ ನೀತಿಜ್ಞರಲ್ಲಿಯೂ ಹಲವು ಆಕ್ಷೇಪಗಳಿದ್ದವು. ಜಪಾನಿನ ಕ್ಯೋಟೋ ನಗರದ ಶಿನ್ಯಾ ಯಮನಾಕ ಆ ವಾದದ ಬೇರನ್ನೇ ಸಡಿಲಿಸಿದರು. 2006ರಲ್ಲಿ ಅವರು ಇಲಿಯ ಚರ್ಮದ ಕೋಶಕ್ಕೆ ನಾಲ್ಕೇ ನಾಲ್ಕು ಜೀನುಗಳನ್ನು ಸೇರಿಸಿ ಅದನ್ನು ಭ್ರೂಣದ ಆಕರಕೋಶದಂತೆಯೇ ಮಾಡಿದರು. ಮರುವರ್ಷ ಮನುಷ್ಯನ ಕೋಶದಲ್ಲಿಯೂ ಅದು ಸಾಧ್ಯವಾಯಿತು. ಚಿಟ್ಟೆಯನ್ನು ಹಿಂದಕ್ಕೆ ನಡೆಸಿ ಮತ್ತೆ ಮೊಟ್ಟೆಯಾಗಿಸಿದ ಹಾಗೆ! 2012ರಲ್ಲಿ ನೊಬೆಲ್ ಪಾರಿತೋಷಕ ಬಂದುದರಲ್ಲಿ ಆಶ್ಚರ್ಯವಿಲ್ಲ. ಇನ್ನು ಆರೋಗ್ಯವಂತನೊಬ್ಬನ ರಕ್ತದ ಅಥವಾ ಚರ್ಮದ ಕೆಲವು ಕೋಶಗಳನ್ನು ಪಡೆದು, ಅವನ್ನು ಆಕರಕೋಶಗಳಾಗಿ ಮಾಡಿ, ಜೀನುಗಳನ್ನು ತಿದ್ದಿ, ಒಂದೊಂದನ್ನೂ ಪರೀಕ್ಷಿಸಿ, ಅತ್ಯುತ್ತಮವಾದ ಒಂದೇ ಒಂದನ್ನು ಆರಿಸಿಕೊಂಡು ಅದರ ಸಂತತಿಯನ್ನು ದ್ರವನೈಟ್ರೊಜನ್ನಿನ ಕಡುಶೀತದಲ್ಲಿ ಶೇಖರಿಸಿಡಬಹುದು. ಇದೇ ತಾಯಿಚಿಟ್ಟೆ. ಬೇಕಾದಾಗ ಅದರಿಂದ ಸಹಜ ಘಾತಕ ಕೋಶಗಳನ್ನೋ ಟಿ ಕೋಶಗಳನ್ನೋ ಬೆಳೆಸಿ, ಹಿಮಗಟ್ಟಿಸಿ, ಔಷಧದ ಸೀಸೆಯಂತೆ ಆಸ್ಪತ್ರೆಗೆ ಕಳುಹಿಸಬಹುದು. ರೋಗಿ ಬಂದ ದಿನವೇ ಚಿಕಿತ್ಸೆ. ನ್ಯೂಯಾರ್ಕಿನ ಮಿಶೆಲ್ ಸಾದೆಲೈನರ ತಂಡ 2013ರಲ್ಲಿ ಹೀಗೆ ಬೆಳೆಸಿದ ಟಿ ಕೋಶಗಳು ಇಲಿಗಳಲ್ಲಿ ಗೆಡ್ಡೆಯನ್ನು ಅಡಗಿಸಿದುದನ್ನು ತೋರಿಸಿತು.

ಮನುಷ್ಯರಲ್ಲಿ? ಫಲ ಬಂದಿದೆ, ಆದರೆ ಮಿಶ್ರಫಲ. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಕೇಟಿ ರೆಜ್ವಾನಿ ಅವರ ತಂಡ ಹೊಕ್ಕುಳುಬಳ್ಳಿಯ ರಕ್ತದಿಂದ ಪಡೆದ ಸಹಜ ಘಾತಕ ಕೋಶಗಳಿಗೆ ಹೊಸ ಕಣ್ಣು ಕೊಟ್ಟು 11 ಮಂದಿಗೆ ಹರಿಸಿತು. 2020ರ ವರದಿಯಂತೆ 8 ಮಂದಿಯಲ್ಲಿ ಗುಣ ಕಂಡಿತು, ಎಮಿಲಿಯನ್ನು ಕಾಡಿದ ಆ ಬಿರುಗಾಳಿ ಒಬ್ಬರಲ್ಲಿಯೂ ಏಳಲಿಲ್ಲ. ಯಮನಾಕರ ವಿಧಾನದಿಂದ ಬಂದ ಘಾತಕ ಕೋಶಗಳನ್ನು ಸ್ಯಾನ್ ಡಿಯೆಗೊದ ಫೇಟ್ ಎಂಬ ಸಂಸ್ಥೆ 2019ರಲ್ಲಿ ಕ್ಯಾನ್ಸರು ರೋಗಿಗಳಿಗೆ ಕೊಡತೊಡಗಿತು. ಸುರಕ್ಷಿತವೆಂದು ಕಂಡಿತು, ಕೆಲವರಲ್ಲಿ ಗೆಡ್ಡೆ ಕರಗಿತು. ಆದರೆ ಘಾತಕ ಕೋಶಗಳ ಆಯುಸ್ಸು ಅಲ್ಪ. ರೋಗಿಯ ಸ್ವಂತ ಟಿ ಕೋಶಗಳಂತೆ ಅವು ವರ್ಷಗಟ್ಟಲೆ ಕಾವಲಿರುವುದಿಲ್ಲ. ಮತ್ತೆ ಮತ್ತೆ ಕೊಡಬೇಕು. 2023ರ ಜನವರಿಯಲ್ಲಿ ದೊಡ್ಡ ಔಷಧ ಕಂಪನಿಯೊಂದರೊಡನೆ ಇದ್ದ ಒಪ್ಪಂದ ಮುರಿದುಬಿದ್ದು, ಆ ಸಂಸ್ಥೆ ಇಂಥ ಹಲವು ಪ್ರಯೋಗಗಳನ್ನು ನಿಲ್ಲಿಸಿ ನೌಕರರಲ್ಲಿ ಬಹುಪಾಲು ಮಂದಿಯನ್ನು ಮನೆಗೆ ಕಳುಹಿಸಿತು. ಲಾಸ್ ಏಂಜಲಿಸ್ಸಿನಲ್ಲಿ ಲಿಲಿ ಯಾಂಗ್ ಅವರು ಹೊಕ್ಕುಳುಬಳ್ಳಿಯ ಆಕರಕೋಶಗಳಿಂದ ಟಿ ಕೋಶದ ಗುಣವೂ ಘಾತಕದ ಗುಣವೂ ಕೂಡಿದ ಮೂರನೆಯ ಬಗೆಯೊಂದನ್ನು ಬೆಳೆಸುತ್ತಿದ್ದಾರೆ. ಪರರ ದೇಹದಲ್ಲಿ ಅದು ಮನೆಯವರ ಮೇಲೆ ಕೈಮಾಡುವುದಿಲ್ಲವೆಂಬುದು ಅದರ ವಿಶೇಷ.

ಅಡ್ಡಿಗಳು ಇನ್ನೂ ಇವೆ. ಬೇರೊಬ್ಬನ ಕೋಶವನ್ನು ರೋಗಿಯ ದೇಹ ಹೊರದೂಡುತ್ತದೆ. ರಕ್ತದ ಕ್ಯಾನ್ಸರಿನಲ್ಲಿ ಕಂಡ ಜಯ ಹೊಟ್ಟೆ, ಶ್ವಾಸಕೋಶ, ಸ್ತನ ಇವುಗಳ ಗಟ್ಟಿಗೆಡ್ಡೆಗಳಲ್ಲಿ ಕಾಣುತ್ತಿಲ್ಲ. ಆ ಕೋಟೆಯೊಳಗೆ ಕಾವಲುಕೋಶ ನುಗ್ಗುವುದೇ ಕಷ್ಟ, ನುಗ್ಗಿದ್ದೂ ಅಲ್ಲಿಯ ವಿಷವಾತಾವರಣದಲ್ಲಿ ಸೋಲುತ್ತದೆ. ಎಲ್ಲಕ್ಕಿಂತ ಭಯದ್ದು ಇನ್ನೊಂದು. ಬೆಳೆಸಿದ ಕೋಟಿ ಕೋಶಗಳ ನಡುವೆ ಕಾವಲುಕೋಶವಾಗಿ ಮಾರ್ಪಡದೆ ಆಕರಕೋಶವಾಗಿಯೇ ಉಳಿದವು ಸೇರಿದ್ದರೆ, ಅವೇ ರೋಗಿಯ ಮೈಯಲ್ಲಿ ಹೊಸ ಗೆಡ್ಡೆಯಾಗಿ ಬೆಳೆಯಬಲ್ಲವು. ಗಂಟುರೋಗದ ಒಂದು ಚಿಟ್ಟೆ ಕಣ್ತಪ್ಪಿ ಹೋದರೆ ಒಂದು ಊರಿನ ಬೆಳೆಯೇ ಹಾಳಾಗುವುದನ್ನು ಕಂಡ ರೇಷ್ಮೆಯ ರೈತನಿಗೆ ಈ ಭಯ ಹೊಸತಲ್ಲ. ಮೂಲ ಒಂದೇ ಆದಾಗ ಲಾಭವೂ ನೂರ್ಮಡಿ, ದೋಷವೂ ನೂರ್ಮಡಿ. ಆದುದರಿಂದಲೇ ಪರೀಕ್ಷೆ ಮುಗಿಯುವವರೆಗೆ ಕಾಯದೆ ಗತ್ಯಂತರವಿಲ್ಲ.

ಕಾಯಲಾರದವರ ಸಂಕಟವನ್ನು ಮಾರಾಟಕ್ಕಿಟ್ಟವರೂ ಇದ್ದಾರೆ. 'ಸ್ಟೆಮ್ ಸೆಲ್ ಚಿಕಿತ್ಸೆ' ಎಂಬ ಬಣ್ಣದ ಫಲಕ ತೂಗುಹಾಕಿ, ಮಂಡಿನೋವಿನಿಂದ ಮತಿಮಾಂದ್ಯದವರೆಗೆ, ಸಕ್ಕರೆಯ ರೋಗದಿಂದ ಕ್ಯಾನ್ಸರಿನವರೆಗೆ ಎಲ್ಲವನ್ನೂ ಒಂದೇ ಸೂಜಿಯಲ್ಲಿ ಗುಣಪಡಿಸುವೆವೆನ್ನುವವರು ಊರೂರಿನಲ್ಲಿ ಸಿಕ್ಕುತ್ತಾರೆ. ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಇಂದು ಇದ್ದಿದ್ದರೆ ಈ ಫಲಕಗಳ ಮುಂದೆ ನಿಂತು ಏನು ಕೇಳುತ್ತಿದ್ದರೆಂಬುದನ್ನು ಊಹಿಸುವುದು ಸುಲಭ. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿ ರಚಿಸಿ ದೇಶವೆಲ್ಲ ಚರ್ಚೆಯೆಬ್ಬಿಸಿದ ಆ ಭೌತಶಾಸ್ತ್ರದ ಮೇಷ್ಟರು, ಪ್ರಶ್ನಿಸದೆ ಒಪ್ಪಬೇಡಿರೆಂದು ಬಾಳಿನುದ್ದಕ್ಕೂ ಹೇಳಿದವರು. ಸೂಜಿಯಲ್ಲಿರುವುದು ಯಾವ ಕೋಶ, ಎಲ್ಲಿಂದ ಬಂದುದು, ಯಾರು ಪರೀಕ್ಷಿಸಿದರು, ಯಾವ ಸಮಿತಿ ಅನುಮತಿ ಕೊಟ್ಟಿತು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿದರೆ ಬಣ್ಣದ ಫಲಕದ ಅರ್ಧ ಬಣ್ಣ ಇಳಿದೀತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರಡಿಸಿದ ನಿಯಮಾವಳಿ ಸ್ಪಷ್ಟವಾಗಿದೆ: ರಕ್ತದ ಕೆಲವು ರೋಗಗಳಿಗೆ ಮಾಡುವ ಮಜ್ಜೆಯ ಕಸಿಯನ್ನು ಬಿಟ್ಟರೆ, ಆಕರಕೋಶದ ಬೇರೆ ಯಾವ ಪ್ರಯೋಗವನ್ನೂ ಅನುಮತಿ ಪಡೆದ ಪರೀಕ್ಷೆಯ ಹೊರಗೆ ಮಾಡಕೂಡದು. ಅಂಥ ಪರೀಕ್ಷೆಗೆ ಸೇರುವ ರೋಗಿ ಔಷಧಕ್ಕೆ ಹಣ ತೆರಬೇಕಾಗಿಯೂ ಇಲ್ಲ. ಹಣ ಕೇಳಿದರೆ ಅಲ್ಲಿಯೇ ಅನುಮಾನಪಡಬೇಕು.

ಮಕ್ಕಳ ರಕ್ತಕ್ಯಾನ್ಸರೆಂದ ಕೂಡಲೆ ಕಾರ್-ಟಿ ಬೇಕು, ಆಕರಕೋಶ ಬೇಕು ಎಂದು ಓಡುವ ಅವಸರವೂ ಬೇಡ. ಹಳೆಯ ಔಷಧಗಳನ್ನು ಎರಡು ಮೂರು ವರ್ಷ ತಪ್ಪದೆ ಕೊಡಿಸುವುದರಿಂದಲೇ ಒಳ್ಳೆಯ ಆಸ್ಪತ್ರೆಗಳಲ್ಲಿ ಬಹುಪಾಲು ಮಕ್ಕಳು ಗುಣ ಹೊಂದುತ್ತಾರೆ. ಮೂರು ತಿಂಗಳಲ್ಲಿ ಮಗು ಆಡಿಕೊಂಡಿದೆಯಲ್ಲ ಎಂದು ಬಸ್ಸಿನ ಖರ್ಚಿಗೆ ಹೆದರಿ ಚಿಕಿತ್ಸೆಯನ್ನು ನಡುವೆ ಬಿಟ್ಟುಬಿಡುವುದೇ ರೋಗ ಮರಳುವ ದೊಡ್ಡ ದಾರಿ.

ನಗರದ ಮನೆಗಳಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯಿದೆ. ಹೆರಿಗೆಯ ಹೊತ್ತಿನಲ್ಲಿ ಹೊಕ್ಕುಳುಬಳ್ಳಿಯ ರಕ್ತವನ್ನು ಹಣ ಕೊಟ್ಟು ಕಾದಿರಿಸಿದರೆ ಮುಂದೆ ಮಗುವಿಗೆ ಕ್ಯಾನ್ಸರು ಬಂದರೂ ಭಯವಿಲ್ಲವೆಂದು ಚೆಂದದ ಪುಸ್ತಿಕೆಗಳು ಬಸುರಿಯರ ಕೈಗೆ ಬರುತ್ತವೆ. ತಾಯ್ತಂದೆಯರ ಮಮತೆಯ ಮೇಲೆ ವಿಧಿಸಿದ ತೆರಿಗೆ ಎಂದೇ ಇದನ್ನು ಹೇಳಬೇಕು. ಮಗುವಿನಲ್ಲಿ ಮುಂದೆ ರಕ್ತಕ್ಯಾನ್ಸರಾಗುವ ದೋಷ ಹುಟ್ಟುವಾಗಲೇ ಆ ರಕ್ತದಲ್ಲಿ ಇರಬಹುದಾದುದರಿಂದ, ಅದನ್ನೇ ಮತ್ತೆ ಅದೇ ಮಗುವಿಗೆ ತುಂಬುವುದು ರೋಗದ ಬೀಜವನ್ನೇ ಬಿತ್ತಿದಂತೆ. ಸ್ವಂತಕ್ಕೆಂದು ಕೂಡಿಡುವುದಕ್ಕೆ ಶಾಸ್ತ್ರೀಯ ಆಧಾರವಿಲ್ಲವೆಂದು ಸಂಶೋಧನಾ ಮಂಡಳಿ ಹೇಳಿದೆ. ಎಲ್ಲರಿಗೂ ಒದಗುವ ಸಾರ್ವಜನಿಕ ಭಂಡಾರಕ್ಕೆ ದಾನ ಕೊಡುವುದು ಬೇರೆ ಮಾತು. ಹ್ಯೂಸ್ಟನ್ನಿನ ಪ್ರಯೋಗಕ್ಕೆ ಒದಗಿದುದು ಅಂಥ ದಾನವೇ.

ಇಂದು, ಈಗಲೇ, ಚಿಂತಾಮಣಿಯ ಅಥವಾ ಗೌರಿಬಿದನೂರಿನ ಒಬ್ಬ ಆರೋಗ್ಯವಂತ ತರುಣನು ಆಕರಕೋಶದಿಂದ ಕ್ಯಾನ್ಸರು ರೋಗಿಯನ್ನು ಉಳಿಸಬಲ್ಲ ಒಂದು ದಾರಿ ತೆರೆದಿದೆ. ಮಜ್ಜೆಯ ಕಸಿಗೆ ಒಡಹುಟ್ಟಿದವರು ಹೊಂದದ ರೋಗಿಗಳಿಗಾಗಿ ದಾನಿಗಳ ಪಟ್ಟಿಯನ್ನಿಡುವ ಸಂಸ್ಥೆಗಳಿವೆ, ಬೆಂಗಳೂರಿನ ಡಿ.ಕೆ.ಎಂ.ಎಸ್. ಪ್ರತಿಷ್ಠಾನ ಅವುಗಳಲ್ಲಿ ಒಂದು. 18ರಿಂದ 55 ವರ್ಷದೊಳಗಿನವರು ಕೆನ್ನೆಯ ಒಳಬದಿಯನ್ನು ಹತ್ತಿಯ ಕಡ್ಡಿಯಿಂದ ಒರೆಸಿಕೊಟ್ಟರೆ ಹೆಸರು ದಾಖಲಾಗುತ್ತದೆ. ಹೊಂದುವ ರೋಗಿ ಸಿಕ್ಕಿದರೆ ಬಹುಮಟ್ಟಿಗೆ ತೋಳಿನ ರಕ್ತದಿಂದಲೇ, ಮೂಳೆ ಕೊರೆಯದೆ, ಆಕರಕೋಶಗಳನ್ನು ಬೇರ್ಪಡಿಸಿಕೊಳ್ಳುತ್ತಾರೆ. ಕೆಲವು ಗಂಟೆಗಳ ಕೆಲಸ. ಅಂಗಾಂಶದ ಗುರುತುಗಳು ವಂಶದಿಂದ ವಂಶಕ್ಕೆ ಹರಿದುಬರುವಂಥವಾದುದರಿಂದ ಕೋಲಾರ ಚಿಕ್ಕಬಳ್ಳಾಪುರದ ಕಡೆಯ ರೋಗಿಗೆ ಹೊಂದುವವನು ಜರ್ಮನಿಯಲ್ಲಿ ಸಿಕ್ಕುವುದಕ್ಕಿಂತ ಇದೇ ಸೀಮೆಯಲ್ಲಿ ಸಿಕ್ಕುವ ಸಂಭವ ಹೆಚ್ಚು.

ಜಪಾನಿನವರು ಕ್ಯೋಟೋದಲ್ಲಿ ಯಮನಾಕರ ವಿಧಾನದ ಆಕರಕೋಶಗಳ ಭಂಡಾರ ಕಟ್ಟುವಾಗ ಇದೇ ಲೆಕ್ಕವನ್ನು ಹಿಡಿದರು. ಹೆಚ್ಚು ಜನರಿಗೆ ಹೊಂದುವಂಥ ಅಪರೂಪದ ಗುರುತುಳ್ಳ ಏಳೇ ಮಂದಿ ದಾನಿಗಳನ್ನು ಆರಿಸಿ, ಅವರ ಕೋಶಗಳಿಂದ ದೇಶದ ನೂರಕ್ಕೆ ನಲವತ್ತರಷ್ಟು ಜನಕ್ಕೆ ಹೊಂದುವ ಪರಂಪರೆಗಳನ್ನು ಸಿದ್ಧಪಡಿಸಿದರು. ನೂರೆಂಟು ಜಾತಿ ಜನಾಂಗಗಳು ತಮ್ಮ ತಮ್ಮೊಳಗೆ ಮದುವೆಯಾಗುತ್ತ ಬಂದಿರುವ ಭಾರತದಲ್ಲಿ ಏಳು ಮಂದಿ ಸಾಲರು. ಇಂಥದೊಂದು ಭಂಡಾರ ಇಲ್ಲಿಯೂ ಆಗುವ ದಿನ ಬಂದರೆ ಅದಕ್ಕೆ ಬೇಕಾದ ತಾಯಿಚಿಟ್ಟೆಗಳನ್ನು ಆರಿಸುವುದು ಇಂಥ ಪಟ್ಟಿಗಳಲ್ಲಿ ಹೆಸರು ಬರೆಸಿದ ಸಾವಿರಾರು ಜನರ ನಡುವಿನಿಂದಲೇ.